ಅಂಬಾಸಿಡರ್ ಕಾರಿನ ದೇಶೀಯತ್ವವಿಚಾರ

೧. ವಿಷಯಪ್ರವೇಶ

ಭಾರತದಲ್ಲಿ ತಯಾರಾದ ಕಾರುಗಳ ಪೈಕಿ ‘ಹಿಂದೂಸ್ಥಾನ್ ಅಂಬಾಸಿಡರ್’ ಎಂಬ ಮಧ್ಯಮಗಾತ್ರದ ಕಾರಿನಷ್ಟು ದೀರ್ಘಾಯುಷ್ಯವನ್ನೂ ಪ್ರಸಿದ್ಧಿಯನ್ನೂ ಏಕಕಾಲದಲ್ಲಿ ಪಡೆದುದು ಮತ್ತೊಂದಿಲ್ಲ. ೧೯೫೭ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಉತ್ತರಪಾರಾದಲ್ಲಿ ಇದರ ನಿರ್ಮಾಣವು ಮೊದಲಾಯಿತು. ೨೦೧೪ರ ಮೇ ತಿಂಗಳಿನಲ್ಲಿ ನಿಂತಿತು. ಈ ಐವತ್ತೇಳು ವರ್ಷಗಳಲ್ಲಿ ಪ್ರಧಾನಮಂತ್ರಿಯಿಂದ ಮೊದಲ್ಗೊಂಡು ಕಲ್ಕತ್ತೆಯ ಬಾಡಿಗೆಗಾಡಿಯ ಪ್ರಯಾಣಿಕನವರೆಗೆ ಎಲ್ಲ ತರಗತಿಯ ಜನರೂ ಇದರಲ್ಲಿ ಸಂಚರಿಸಿದರು. ಸ್ವತಂತ್ರಭಾರತದ ಯಂತ್ರೋದ್ಯಮದ ಚರಿತ್ರೆಯಲ್ಲಿ ಇದು ಒಂದು ಮುಖ್ಯ ಪ್ರಕರಣವೆಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು ಇದನ್ನು ಸ್ವದೇಶೀ ಎಂದು ಕರೆಯುವುದು ಯುಕ್ತವೋ ಅಲ್ಲವೋ ಎಂಬ ವಿಷಯದಲ್ಲಿ.

ಈ ವಿಚಾರದಲ್ಲಿ ಎರಡು ಪಕ್ಷಗಳುಂಟು. ಗಾಡಿಯ ಆಕಾರ, ಎಂಜಿನು, ಅಳತೆ ಇವೆಲ್ಲವೂ ಇಂಗ್ಲೆಂಡಿನ ‘ಮಾರಿಸ್ ಆಕ್ಸ್‌ಫರ್ಡ್’ ಎಂಬ ಕಾರಿನವಾದುದರಿಂದ ಇದು ಪರದೇಶದ ಪದಾರ್ಥದ ಪ್ರತಿಕೃತಿಯೇ ಹೊರತು ಸ್ವದೇಶಿಯಲ್ಲವೆಂದು ಒಂದು ಪಕ್ಷವು ಹೇಳುತ್ತದೆ. ಉಕ್ಕು ಈ ದೇಶದ್ದು, ಕೆಲಸಗಾರರು ಈ ದೇಶದವರು, ಬಂಡವಾಳವು ಈ ದೇಶದ್ದು, ಓಡಿದ ದಾರಿಯೂ ಈ ದೇಶದ್ದೇ. ಆದುದರಿಂದ ಇದು ಸಂಪೂರ್ಣವಾಗಿ ಸ್ವದೇಶಿಯೇ ಎಂದು ಇನ್ನೊಂದು ಪಕ್ಷವು ಹೇಳುತ್ತದೆ. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ‘ಸ್ವದೇಶೀ’ ಎಂಬ ಶಬ್ದವನ್ನು ಒಂದೇ ಅರ್ಥವುಳ್ಳದ್ದೆಂದು ಭಾವಿಸಿಕೊಂಡು ಹೊರಟಿವೆ.

ಪರಭಾಷೆಯಿಂದ ಬಂದ ಶಬ್ದಗಳ ವಿಷಯದಲ್ಲಿ ಕನ್ನಡದ ವ್ಯಾಕರಣಕಾರರು ಇದಕ್ಕಿಂತ ಸೂಕ್ಷ್ಮವಾದ ವಿಭಾಗವನ್ನು ಬಹುಕಾಲದ ಹಿಂದೆಯೇ ಮಾಡಿದ್ದಾರೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಮಸಂಸ್ಕೃತಗಳನ್ನು ಬೇರೆಯಾಗಿ ಹೇಳಿ, ತದ್ಭವಗಳಿಗಾಗಿ ಅಪಭ್ರಂಶಪ್ರಕರಣವನ್ನೇ ಮೀಸಲಿಟ್ಟನು. ಹೆಚ್ಚಿನ ವಿಕಾರವಿಲ್ಲದೆ ಹಾಗೆಯೇ ಬಂದುದು ತತ್ಸಮ. ಈ ನೆಲದ ನಾಲಗೆಗೆ ಹೊಂದಿಕೊಂಡು ರೂಪಾಂತರವನ್ನು ಪಡೆದುದು ತದ್ಭವ. ಇಲ್ಲಿಯೇ ಹುಟ್ಟಿದುದು ದೇಶ್ಯ. ‘ಯಾತ್ರಾ’ ಎಂಬುದು ‘ಜಾತ್ರೆ’ಯಾದಾಗ ಅಕ್ಷರ ಮಾತ್ರವೇ ಅಲ್ಲ, ಅರ್ಥವೂ ಬೇರೆಯಾಯಿತು, ಜಾತ್ರೆಯನ್ನು ಕನ್ನಡವಲ್ಲವೆನ್ನುವವರು ಯಾರೂ ಇಲ್ಲ, ಹಾಗೆಂದು ಅದು ಅಚ್ಚಗನ್ನಡದ ದೇಶ್ಯವೂ ಅಲ್ಲ. ಅಂಬಾಸಿಡರಿನ ಚರಿತ್ರೆಯನ್ನು ಈ ವಿಭಾಗದ ಬೆಳಕಿನಲ್ಲಿ ಪರಿಶೀಲಿಸಿದರೆ, ಅದರ ಏಳ್ಗೆಯೂ ಅವನತಿಯೂ ಸ್ಪಷ್ಟವಾಗಿ ತಿಳಿದುಬರುವುವು.

೨. ಪೂರ್ವಚರಿತ್ರೆ

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಭಾರತಕ್ಕೆ ಮೋಟಾರುಗಾಡಿಗಳು ಹಡಗಿನ ಮೂಲಕ ಸಿದ್ಧವಾಗಿಯೇ ಬರುತ್ತಿದ್ದವು. ೧೯೨೮ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು ಮುಂಬಯಿಯಲ್ಲಿ ಒಂದು ಕಾರ್ಖಾನೆಯನ್ನು ತೆರೆಯಿತು. ಫೋರ್ಡ್ ಸಂಸ್ಥೆಯೂ ಇದೇ ಮಾರ್ಗವನ್ನು ಹಿಡಿಯಿತು. ಆದರೆ ಇವು ಗಾಡಿಗಳನ್ನು ನಿರ್ಮಿಸುವ ಕಾರ್ಖಾನೆಗಳಾಗಿರಲಿಲ್ಲ. ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿ ಇಲ್ಲಿ ಜೋಡಿಸುವುದಷ್ಟೇ ಇವುಗಳ ಕೆಲಸವಾಗಿತ್ತು. ಜೋಡಣೆಯೇ ಬೇರೆ, ನಿರ್ಮಾಣವೇ ಬೇರೆ ಎಂಬ ಭೇದವನ್ನು ಮೊದಲು ಮನಗಂಡವರಲ್ಲಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಗ್ರಗಣ್ಯರು.

ವಿಶ್ವೇಶ್ವರಯ್ಯನವರು ೧೯೩೫ರಲ್ಲಿ ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಂಡು ಬಂದು, ಭಾರತದಲ್ಲಿ ಅಂತಹ ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಯೊಂದನ್ನು ರಚಿಸಿದರು. ಮುಂಬಯಿಯ ಉದ್ಯಮಿ ವಾಲಚಂದ ಹೀರಾಚಂದರು ಅದನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಸಂಸ್ಥೆಯೊಡನೆ ಒಪ್ಪಂದವನ್ನು ಮಾಡಿಕೊಂಡರು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಕಟ್ಟಬೇಕೆಂಬ ಆಲೋಚನೆಯಿದ್ದಿತು. ಮೈಸೂರು ಸಂಸ್ಥಾನವು ಅದಕ್ಕೆ ಒತ್ತಾಸೆಯಾಗಿ ನಿಲ್ಲಲು ಮುಂದೆ ಬಂದಿದ್ದಿತು. ಯುದ್ಧಕಾಲದ ಬ್ರಿಟಿಷ್ ಸರ್ಕಾರದ ಅಸಮ್ಮತಿಯಿಂದ ಆ ಸಂಕಲ್ಪವು ಮುರಿದುಬಿದ್ದಿತು. ಅದೇ ವಾಲಚಂದರು ಮೈಸೂರು ಸಂಸ್ಥಾನದೊಡನೆ ಕೂಡಿ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರೆಂಬುದು ಗಮನಾರ್ಹವಾದ ಸಂಗತಿ. ಯುದ್ಧಕ್ಕೆ ಉಪಯುಕ್ತವಾದ ವಿಮಾನಕ್ಕೆ ದೊರೆತ ಅನುಮತಿಯು, ಇಂಗ್ಲೆಂಡಿನ ವ್ಯಾಪಾರಕ್ಕೆ ಪ್ರತಿಸ್ಪರ್ಧಿಯಾಗಬಹುದಾಗಿದ್ದ ಕಾರಿಗೆ ದೊರೆಯಲಿಲ್ಲ. ವಾಲಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ೧೯೪೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು.

ಇದಕ್ಕೆ ಎರಡು ವರ್ಷಗಳ ಮೊದಲು, ೧೯೪೨ರಲ್ಲಿ, ಬಿರ್ಲಾ ಮನೆತನದ ಬ್ರಿಜಮೋಹನ ಬಿರ್ಲಾ ಅವರು ಹಿಂದೂಸ್ಥಾನ್ ಮೋಟರ್ಸ್ ಸಂಸ್ಥೆಯನ್ನು ಆರಂಭಿಸಿದ್ದರು. ಇದರ ಮೊದಲ ನೆಲೆಯು ಗುಜರಾತಿನ ಪಶ್ಚಿಮಸಮುದ್ರತೀರದ ಓಖಾ ಬಂದರು. ಸಾಮಾನುಗಳು ಹಡಗಿನಿಂದ ಇಳಿಯುವ ಸ್ಥಳದಲ್ಲಿಯೇ ಜೋಡಣೆಯನ್ನು ನಡೆಸುವುದು ಅನುಕೂಲವೆಂಬುದು ಸ್ಪಷ್ಟ. ೧೯೪೮ರಲ್ಲಿ ಸಂಸ್ಥೆಯು ಕಲ್ಕತ್ತೆಯ ಸಮೀಪದ ಉತ್ತರಪಾರಾಕ್ಕೆ ತನ್ನ ಕೆಲಸವನ್ನು ವರ್ಗಾಯಿಸಿತು. ಬಂದರಿನ ಬದಿಯಿಂದ ಕಬ್ಬಿಣ ಕಲ್ಲಿದ್ದಲುಗಳ ಪ್ರಾಂತಕ್ಕೆ ಆದ ಈ ಸ್ಥಾನಾಂತರದಲ್ಲಿಯೇ ಜೋಡಣೆಯಿಂದ ನಿರ್ಮಾಣಕ್ಕೆ ಹೋಗುವ ಹಾದಿಯು ಕಾಣುತ್ತದೆ. ಕಾರ್ಖಾನೆಯ ಸುತ್ತ ಒಂದು ಊರೇ ಬೆಳೆಯಿತು. ಹೌರಾದಿಂದ ಬರ್ದ್ವಾನಿಗೆ ಹೋಗುವ ರೈಲುಮಾರ್ಗದಲ್ಲಿ ‘ಹಿಂದ್ ಮೋಟರ್’ ಎಂಬ ನಿಲ್ದಾಣವೂ ಆಯಿತು. ಕಾರ್ಖಾನೆಯು ಮುಚ್ಚಿದ ಮೇಲೂ ಆ ಹೆಸರು ಉಳಿದಿದೆ.

೩. ವಂಶಾವಳಿ

ಹಿಂದೂಸ್ಥಾನ್ ಸಂಸ್ಥೆಯು ಇಂಗ್ಲೆಂಡಿನ ಮಾರಿಸ್ ಕಾರ್ಖಾನೆಯೊಡನೆ ಸಂಬಂಧವನ್ನು ಬೆಳೆಸಿತು. ಮಾರಿಸ್ ಕಾರ್ಖಾನೆಯು ಆಕ್ಸ್‌ಫರ್ಡ್ ಪಟ್ಟಣದ ಅಂಚಿನ ಕೌಲಿಯಲ್ಲಿದ್ದಿತು. ಅದರ ಸ್ಥಾಪಕ ವಿಲಿಯಂ ಮಾರಿಸನು ೧೯೧೩ರಲ್ಲಿ ಹೊರತಂದ ಮೊದಲನೆಯ ಕಾರಿಗೆ ಆ ವಿದ್ಯಾನಗರದ ಹೆಸರನ್ನೇ ಇಟ್ಟಿದ್ದನು. ಅಲ್ಲಿಂದ ಮುಂದೆ ಆ ಹೆಸರು ಒಂದಾದ ಮೇಲೊಂದು ಮಾದರಿಗೆ ವಂಶನಾಮದಂತೆ ಸಂದಿತು.

ಮಾರಿಸ್ ಟೆನ್ ಎಂಬ ಕಾರು ಇಲ್ಲಿ ‘ಹಿಂದೂಸ್ಥಾನ್ ಟೆನ್’ ಆಯಿತು. ಯುದ್ಧಾನಂತರದ ಮಾರಿಸ್ ಆಕ್ಸ್‌ಫರ್ಡ್ ‘ಹಿಂದೂಸ್ಥಾನ್ ಫೋರ್ಟೀನ್’ ಆಯಿತು. ಮಾರಿಸ್ ಮೈನರ್ ಎಂಬ ಚಿಕ್ಕ ಕಾರು ‘ಬೇಬಿ ಹಿಂದೂಸ್ಥಾನ್’ ಎನಿಸಿತು. ೧೯೫೪ರಲ್ಲಿ ಆಕ್ಸ್‌ಫರ್ಡಿನ ಎರಡನೆಯ ಶ್ರೇಣಿಯು ‘ಲ್ಯಾಂಡ್‌ಮಾಸ್ಟರ್’ ಎಂಬ ನಾಮದಿಂದ ಹೊರಬಂದಿತು. ೧೯೫೬ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯು ಮರುವರ್ಷವೇ ಉತ್ತರಪಾರಾದಲ್ಲಿ ‘ಅಂಬಾಸಿಡರ್’ ಆಯಿತು. ಈ ನಾಮಪರಂಪರೆಯು ವಿಚಾರಾರ್ಹವಾದುದು. ಮೊದಲ ಗಾಡಿಗಳಿಗೆ ದೇಶದ ಹೆಸರೇ ಸಾಕಾಗಿತ್ತು, ಅನಂತರ ‘ಭೂಮಿಯ ಒಡೆಯ’ನೆಂಬ ಪೌರುಷದ ಹೆಸರು ಬಂದಿತು, ಕೊನೆಗೆ ‘ರಾಯಭಾರಿ’ ಎಂಬ ಹೆಸರು ನಿಂತಿತು. ರಾಯಭಾರಿಯಾದವನು ಒಂದು ದೇಶದ ಪರವಾಗಿ ಇನ್ನೊಂದು ದೇಶದಲ್ಲಿ ವಾಸಮಾಡುವವನು. ಇಂಗ್ಲೆಂಡಿನಿಂದ ಬಂದ ಈ ರಾಯಭಾರಿಯಾದರೋ ಬಂದ ನೆಲದಲ್ಲಿಯೇ ನೆಲೆಸಿ, ಅಲ್ಲಿಯ ಪ್ರಜೆಯೇ ಆಗಿಬಿಟ್ಟನು.

ಮೊದಲ ಅಂಬಾಸಿಡರು ತತ್ಸಮಕ್ಕೆ ಉತ್ತಮವಾದ ಉದಾಹರಣೆ. ನಾಲ್ಕು ಬಾಗಿಲುಗಳು, ಗುಂಡಗೆ ಉಬ್ಬಿದ ಮಾಡು, ಎತ್ತರವಾದ ಆಸನಗಳು, ಮುಂದಿನ ಹಿಂದಿನ ಚಕ್ರಗಳ ನಡುವೆ ೯೭ ಅಂಗುಲಗಳ ಅಂತರ: ಇವೆಲ್ಲವೂ ಮೂಲದಲ್ಲಿದ್ದಂತೆಯೇ ಇದ್ದವು. ಬೇರೆಯಾದ ಅಡಿಗಟ್ಟಿನ ಮೇಲೆ ಗೂಡನ್ನು ಕೂರಿಸುವ ಹಳೆಯ ಕ್ರಮವನ್ನು ಬಿಟ್ಟು, ಗೂಡೂ ಅಡಿಗಟ್ಟೂ ಒಂದೇ ಆಗಿರುವ ಹೊಸ ಕ್ರಮದಲ್ಲಿ ಇದು ರಚಿತವಾಗಿತ್ತು. ಎಂಜಿನು ೧೪೭೬ ಘನ ಸೆಂಟಿಮೀಟರಿನದು. ಅದರ ಕವಾಟಗಳು ಸಿಲಿಂಡರುಗಳ ಪಕ್ಕದಲ್ಲಿದ್ದವು. ಹಾಗೆ ಪಕ್ಕದಲ್ಲಿದ್ದರೆ ಗಾಳಿ ಪೆಟ್ರೋಲುಗಳ ಮಿಶ್ರಣವು ಸುತ್ತಿಬಳಸಿ ಒಳಹೊಗಬೇಕಾಗಿ, ಶಕ್ತಿಯು ಕುಂದುತ್ತದೆ. ೧೯೫೯ರಲ್ಲಿ ಕವಾಟಗಳು ಮೇಲ್ಭಾಗದಲ್ಲಿರುವ ೧೪೮೯ ಘನ ಸೆಂಟಿಮೀಟರಿನ, ೫೫ ಅಶ್ವಶಕ್ತಿಯ ಎಂಜಿನನ್ನು ಅಳವಡಿಸಲಾಯಿತು. ಈ ಎಂಜಿನೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನದೇ.

ಅದೇ ೧೯೫೯ರಲ್ಲಿ ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯ ನಿರ್ಮಾಣವು ಮುಗಿಯಿತು. ಮೂಲವು ಮೂರು ವರ್ಷ ಬಾಳಿ ತೆರೆಮರೆಗೆ ಸರಿಯಿತು. ಪ್ರತಿಕೃತಿಯು ಅದರ ಬಳಿಕ ಐವತ್ತೈದು ವರ್ಷ ಬಾಳಿತು. ಮೂಲಭಾಷೆಯಲ್ಲಿ ಬಳಕೆ ತಪ್ಪಿದ ಶಬ್ದವು ಅದನ್ನು ಎರವಲು ಪಡೆದ ಭಾಷೆಯಲ್ಲಿ ಜೀವಂತವಾಗಿರುವುದು ಶಬ್ದಚರಿತ್ರೆಯನ್ನು ಬಲ್ಲವರಿಗೆ ಅಪರಿಚಿತವಾದ ಸಂಗತಿಯಲ್ಲ. ಅಂತಹ ಶಬ್ದಕ್ಕೆ ಮೂಲದ ಆಧಾರವು ತಪ್ಪಿದಮೇಲೆ ಎರವಲು ಪಡೆದವರೇ ಅದರ ಒಡೆಯರಾಗುತ್ತಾರೆ. ೧೯೫೯ರ ಅನಂತರದ ಅಂಬಾಸಿಡರಿನ ಸ್ಥಿತಿಯು ಇಂತಹುದು.

೪. ತತ್ಸಮವು ತದ್ಭವವಾದ ಬಗೆ

ಈ ಪರಿವರ್ತನೆಗೆ ರಾಜನೀತಿಯು ಮೊದಲನೆಯ ಕಾರಣ. ೧೯೫೧ರ ಕೈಗಾರಿಕಾ ಕಾಯಿದೆಯ ಪ್ರಕಾರ ಹೊಸ ಕಾರ್ಖಾನೆಗಾಗಲಿ ಇದ್ದ ಕಾರ್ಖಾನೆಯ ವಿಸ್ತರಣಕ್ಕಾಗಲಿ ಸರ್ಕಾರದ ಲೈಸೆನ್ಸು ಅವಶ್ಯಕವಾಯಿತು. ೧೯೫೩ರಲ್ಲಿ ಸುಂಕದ ಆಯೋಗವು ಮೋಟಾರು ಉದ್ಯಮವನ್ನು ವಿಚಾರಿಸಿ, ಬಿಡಿಭಾಗಗಳನ್ನು ಕ್ರಮವಾಗಿ ಈ ದೇಶದಲ್ಲಿಯೇ ನಿರ್ಮಿಸುವ ಕಾರ್ಯಕ್ರಮವುಳ್ಳ ಸಂಸ್ಥೆಗಳಿಗೆ ಮಾತ್ರವೇ ಅವಕಾಶವಿರಬೇಕೆಂದು ಶಿಫಾರಸು ಮಾಡಿತು. ಜೋಡಣೆಯನ್ನೇ ನಂಬಿದ್ದ ಜನರಲ್ ಮೋಟರ್ಸ್ ಮತ್ತು ಫೋರ್ಡ್ ಸಂಸ್ಥೆಗಳು ಅಂಗಡಿಯನ್ನು ಮುಚ್ಚಿ ಹೊರಟುಹೋದವು. ಕಾರುಗಳ ಕ್ಷೇತ್ರದಲ್ಲಿ ಮುಖ್ಯವಾಗಿ ಉಳಿದವು ಮೂರು: ಉತ್ತರಪಾರಾದ ಹಿಂದೂಸ್ಥಾನ್, ಇಟಲಿಯ ಫಿಯೆಟ್ ಗಾಡಿಯನ್ನು ಕಟ್ಟುತ್ತಿದ್ದ ಮುಂಬಯಿಯ ಪ್ರೀಮಿಯರ್, ಮತ್ತು ಅಂದಿನ ಮದರಾಸಿನ ಸ್ಟ್ಯಾಂಡರ್ಡ್.

ಈ ನೀತಿಯ ಫಲವು ಅಲ್ಪವಾದುದಲ್ಲ. ಉತ್ತರಪಾರಾದಲ್ಲಿ ಎರಕದ ಶಾಲೆ, ಕಮ್ಮಟ, ತಗಡನ್ನು ಅಚ್ಚಿನಲ್ಲಿ ಒತ್ತಿ ರೂಪಿಸುವ ಶಾಲೆ, ಎಂಜಿನಿನ ಭಾಗಗಳನ್ನು ಕಡೆಯುವ ಯಂತ್ರಶಾಲೆ ಇವೆಲ್ಲವೂ ಒಂದೇ ಆವರಣದಲ್ಲಿ ನೆಲೆಗೊಂಡವು. ಕರಗಿದ ಕಬ್ಬಿಣವು ಒಂದು ತುದಿಯಲ್ಲಿ ಒಳಹೊಕ್ಕು ಇನ್ನೊಂದು ತುದಿಯಲ್ಲಿ ಕಾರಾಗಿ ಹೊರಬರುವಂತಹ ವ್ಯವಸ್ಥೆಯಿದು. ಕಾರ್ಖಾನೆಯ ಹೊರಗೆಯೂ ಗಾಜು, ಟೈರು, ಬ್ಯಾಟರಿ, ದೀಪ ಮೊದಲಾದವುಗಳನ್ನು ಒದಗಿಸುವ ಅನೇಕ ಉದ್ಯಮಗಳು ದೇಶದಲ್ಲಿ ಬೆಳೆದವು. ಲೋಹಕ್ಕೆ ಹದ ಕೊಡುವುದು, ಅಚ್ಚು ಕೊರೆಯುವುದು, ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಂತೆ ಅಳತೆಯನ್ನು ಕಾಯುವುದು ಇವನ್ನು ಕಲಿತ ಕೆಲಸಗಾರರ ಒಂದು ಪೀಳಿಗೆಯೇ ಸಿದ್ಧವಾಯಿತು. ಸ್ವದೇಶಿಯಲ್ಲವೆಂಬ ಪಕ್ಷದವರು ಈ ಅಂಶವನ್ನು ಲಘುವಾಗಿ ಎಣಿಸುವುದು ನ್ಯಾಯವಲ್ಲ.

ಎರಡನೆಯ ಕಾರಣವು ದಾರಿ. ಭಾರತದ ಮಣ್ಣುದಾರಿ ಕಲ್ಲುದಾರಿಗಳಿಗೆ ಈ ಗಾಡಿಯ ಗುಣಗಳು ಹೇಳಿ ಮಾಡಿಸಿದಂತಿದ್ದವು. ಅದರ ತಳವು ನೆಲದಿಂದ ಸಾಕಷ್ಟು ಎತ್ತರದಲ್ಲಿದ್ದಿತು. ಹಿಂದಿನ ಚಕ್ರಗಳ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನುಗಳಿದ್ದವು. ಪಟ್ಟಿಯೊಂದು ಮುರಿದರೆ ಹಳ್ಳಿಯ ಕಮ್ಮಾರನ ಕುಲುಮೆಯಲ್ಲಿಯೂ ಸರಿಮಾಡಿಸಬಹುದಾಗಿತ್ತು. ಮುಂದಿನ ಚಕ್ರಗಳಿಗೆ, ತಿರುಚಿದಾಗ ಬಲವನ್ನು ತಾಳುವ ಉಕ್ಕಿನ ಸಲಾಕೆಗಳು ಆಧಾರವಾಗಿದ್ದವು. ಮುಂದಿನ ಆಸನವು ಮಂಚದಂತೆ ಒಂದೇ ಆಗಿದ್ದು, ಗೇರಿನ ಕೋಲು ಸ್ಟಿಯರಿಂಗಿನ ಕಂಬದ ಮೇಲೆಯೇ ಇದ್ದುದರಿಂದ, ಮುಂದೆ ಮೂವರು ಕುಳಿತುಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಇಂಗ್ಲೆಂಡಿನ ನಾಲ್ಕೈದು ಜನರ ಕುಟುಂಬಕ್ಕಾಗಿ ಕಲ್ಪಿತವಾದ ಗಾಡಿಯಲ್ಲಿ ಭಾರತದ ಕೂಡುಕುಟುಂಬವು ಮಕ್ಕಳು ಮರಿಗಳೊಡನೆ ಮದುವೆಗೂ ತೀರ್ಥಯಾತ್ರೆಗೂ ಹೊರಟಿತು. ‘ಯಾತ್ರಾ’ ಶಬ್ದವು ‘ಜಾತ್ರೆ’ಯಾದಂತೆ ಇಲ್ಲಿಯೂ ಬಳಕೆಯು ಅರ್ಥವನ್ನೇ ಬದಲಿಸಿತು.

ಮೂರನೆಯ ಕಾರಣವು ಮೇಸ್ತ್ರಿಗಳ ವಿದ್ಯೆ. ಎಂಜಿನಿನ ರಚನೆಯು ಸರಳವಾಗಿದ್ದು, ಮಾದರಿಯು ದಶಕಗಳ ಕಾಲ ಬದಲಾಗದೆ ಇದ್ದುದರಿಂದ, ಅದರ ರಿಪೇರಿಯನ್ನು ಬಲ್ಲ ಮೆಕ್ಯಾನಿಕ್ಕು ಪ್ರತಿಯೊಂದು ಊರಿನಲ್ಲಿಯೂ ಸಿಕ್ಕುತ್ತಿದ್ದನು. ಈ ವಿದ್ಯೆಯು ಪುಸ್ತಕದಿಂದ ಬಂದುದಲ್ಲ. ಗುರುವಿನ ಕೈಕೆಳಗೆ ಹುಡುಗನು ಸ್ಪ್ಯಾನರು ಹಿಡಿದು ಕಲಿತುದು. ಒಂದು ಗಾಡಿಯ ಭಾಗವು ಹತ್ತು ವರ್ಷಗಳ ಅನಂತರದ ಇನ್ನೊಂದು ಗಾಡಿಗೆ ಕೂಡಿಕೊಳ್ಳುತ್ತಿದ್ದಿತು. ಟ್ಯಾಕ್ಸಿಯ ಒಡೆಯರು ಇದನ್ನು ಬಿಡದೆ ಹಿಡಿದುಕೊಂಡುದಕ್ಕೆ ಇದೇ ಮುಖ್ಯ ಹೇತು. ಕಲ್ಕತ್ತೆಯ ಹಳದಿ ಟ್ಯಾಕ್ಸಿ ಎಂದರೆ ಅಂಬಾಸಿಡರ್ ಎಂಬಷ್ಟರ ಮಟ್ಟಿಗೆ ಇವೆರಡಕ್ಕೂ ಅಭೇದವು ಉಂಟಾಯಿತು. ಪ್ರಯೋಗಶರಣಾ ವೈಯಾಕರಣಾಃ ಎಂಬ ನ್ಯಾಯದಂತೆ, ಶಬ್ದವು ಯಾವ ಭಾಷೆಯದೆಂಬುದನ್ನು ಕಡೆಗೆ ನಿರ್ಣಯಿಸುವುದು ಪ್ರಯೋಗವೇ. ಪ್ರಯೋಗದ ದೃಷ್ಟಿಯಿಂದ ಅಂಬಾಸಿಡರು ಭಾರತದ್ದೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

೫. ಶ್ವೇತವಾಹನವೆಂಬ ಲಾಂಛನ

ಬಳಕೆಯು ವಸ್ತುವಿಗೆ ಹೊಸ ಅರ್ಥವನ್ನು ಕೊಡುವ ಇನ್ನೊಂದು ನಿದರ್ಶನವು ಸರ್ಕಾರದ ಬಿಳಿಯ ಅಂಬಾಸಿಡರು. ದೆಹಲಿಯ ಮಂತ್ರಿಗಳಿಂದ ಜಿಲ್ಲಾಧಿಕಾರಿಗಳವರೆಗೆ ಅಧಿಕಾರವರ್ಗವೆಲ್ಲವೂ ಬಹುಕಾಲ ಇದರಲ್ಲಿಯೇ ಸಂಚರಿಸಿತು. ಹಿಂದಿನ ಗಾಜಿಗೆ ಪರದೆ, ಮಾಡಿನ ಮೇಲೆ ಕೆಂಪು ದೀಪ, ಮುಂಭಾಗದಲ್ಲಿ ಬಾವುಟ ಇವು ಸೇರಿದರೆ ಒಳಗೆ ಕುಳಿತವರ ಮುಖವು ಕಾಣದಿದ್ದರೂ ಅವರ ಪದವಿಯು ತಿಳಿಯುತ್ತಿದ್ದಿತು. ಪೂರ್ವಕಾಲದಲ್ಲಿ ಶ್ವೇತಚ್ಛತ್ರ ಚಾಮರಗಳು ನಿರ್ವಹಿಸುತ್ತಿದ್ದ ಕೆಲಸವನ್ನು ಗಣರಾಜ್ಯದಲ್ಲಿ ಈ ಬಿಳಿಯ ಗಾಡಿಯು ನಿರ್ವಹಿಸಿತು. ಇಂಗ್ಲೆಂಡಿನಲ್ಲಿ ಮಧ್ಯಮವರ್ಗದ ಗೃಹಸ್ಥನ ವಾಹನವಾಗಿದ್ದುದಕ್ಕೆ ಇಲ್ಲಿ ರಾಜಚಿಹ್ನೆಯ ಪದವಿಯು ಬಂದಿತು.

ಲಾಂಛನಕ್ಕೆ ಇರುವ ಬಲವೇ ಅದರ ದೌರ್ಬಲ್ಯವೂ ಆಗುವುದುಂಟು. ೨೦೦೧ರ ಡಿಸೆಂಬರ್ ೧೩ರಂದು ಸಂಸತ್ತಿನ ಮೇಲೆ ಆಕ್ರಮಣ ಮಾಡಿದವರು ಆವರಣದೊಳಗೆ ಪ್ರವೇಶಿಸಿದುದು, ಗೃಹಮಂತ್ರಾಲಯದ ಸುಳ್ಳು ಚೀಟಿಯನ್ನು ಅಂಟಿಸಿದ್ದ ಒಂದು ಬಿಳಿಯ ಅಂಬಾಸಿಡರಿನಲ್ಲಿ. ಆ ಗಾಡಿಯನ್ನು ಕಂಡ ಕೂಡಲೇ ಅಧಿಕಾರಿಯದೆಂದು ನಂಬುವ ಅಭ್ಯಾಸವು ಎಷ್ಟು ಬೇರೂರಿತ್ತೆಂಬುದಕ್ಕೆ ಇದಕ್ಕಿಂತ ಕಠೋರವಾದ ಪ್ರಮಾಣವು ಬೇಕಿಲ್ಲ. ಅನಂತರದ ವರ್ಷಗಳಲ್ಲಿ ಪ್ರಧಾನಮಂತ್ರಿಯ ಪ್ರಯಾಣಕ್ಕೆ ಜರ್ಮನಿಯ ಗುಂಡುನಿರೋಧಕ ಕಾರುಗಳು ಬಂದವು.

೬. ಮಾರ್ಪಾಡುಗಳೂ ಸ್ತಂಭನವೂ

ಅಂಬಾಸಿಡರಿನ ಆವೃತ್ತಿಗಳನ್ನು ‘ಮಾರ್ಕ್’ ಎಂಬ ಸಂಜ್ಞೆಯಿಂದ ಎಣಿಸುವುದು ರೂಢಿ. ೧೯೬೨-೬೩ರಲ್ಲಿ ಬಂದ ಎರಡನೆಯ ಮಾರ್ಕಿನಲ್ಲಿ ಮುಂಭಾಗದ ಜಾಲರಿಯು ಸಣ್ಣ ಚೌಕಗಳದಾಯಿತು. ೧೯೭೫ರಲ್ಲಿ ಮೂರನೆಯದೂ ೧೯೭೯ರಲ್ಲಿ ನಾಲ್ಕನೆಯದೂ ಬಂದವು; ಇವುಗಳಲ್ಲಿಯೂ ಜಾಲರಿ ದೀಪಗಳ ವಿನ್ಯಾಸವೇ ಮುಖ್ಯವಾದ ವ್ಯತ್ಯಾಸ. ೧೯೮೦ರಲ್ಲಿ ಡೀಸೆಲ್ ಎಂಜಿನನ್ನು ಅಳವಡಿಸಿದುದು ಮಹತ್ತ್ವದ ಹೆಜ್ಜೆ. ಭಾರತದಲ್ಲಿ ನಿರ್ಮಿತವಾದ ಮೊದಲನೆಯ ಡೀಸೆಲ್ ಕಾರು ಇದೇ ಆಯಿತು. ಅದರ ಶಕ್ತಿಯು ೩೭ ಅಶ್ವಶಕ್ತಿ ಮಾತ್ರವಾದರೂ ಇಂಧನದ ವೆಚ್ಚವು ಕಡಮೆಯಾದುದರಿಂದ ಟ್ಯಾಕ್ಸಿಯವರಿಗೆ ಅದು ಪ್ರಿಯವಾಯಿತು. ೧೯೯೦ರಲ್ಲಿ ‘ನೋವಾ’ ಎಂಬ ಆವೃತ್ತಿಯು ಬಂದಿತು. ಅದಾದ ಸ್ವಲ್ಪ ಕಾಲಕ್ಕೆ ಜಪಾನಿನ ಇಸುಜು ಸಂಸ್ಥೆಯ ೧೮೧೭ ಘನ ಸೆಂಟಿಮೀಟರಿನ ಎಂಜಿನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಕೂರಿಸಲಾಯಿತು.

ಈ ಪಟ್ಟಿಯನ್ನು ಪರಿಶೀಲಿಸಿದರೆ ಒಂದು ಸಂಗತಿಯು ಎದ್ದು ಕಾಣುವುದು. ಮುಖದ ಅಲಂಕಾರವು ಬದಲಾಯಿತು. ಕೆಲವು ಸಲ ಎಂಜಿನು ಬದಲಾಯಿತು, ಆದರೆ ಹೊಸ ಎಂಜಿನೂ ಪರದೇಶದಿಂದಲೇ ಬಂದಿತು. ೧೯೫೬ರಲ್ಲಿ ಕೌಲಿಯಲ್ಲಿ ಗೆರೆ ಎಳೆದ ಗೂಡು ಮಾತ್ರ ಕೊನೆಯವರೆಗೂ ಹೆಚ್ಚುಕಡಮೆ ಹಾಗೆಯೇ ಉಳಿಯಿತು. ತದ್ಭವವಾದ ಶಬ್ದವು ಬಳಕೆಯಲ್ಲಿ ನಿರಂತರವಾಗಿ ಬೆಳೆಯಬೇಕು, ಹೊಸ ಸಮಾಸಗಳನ್ನು ಹಡೆಯಬೇಕು. ಈ ತದ್ಭವವು ಹಾಗೆ ಬೆಳೆಯದೆ ನಿಂತುಹೋಯಿತು.

ಇದಕ್ಕೆ ಕಾರಣವೇನು? ಸರ್ಕಾರದ ನಿಯಂತ್ರಣವೇ ಕಾರಣವೆಂಬ ಉತ್ತರವು ಸಾಮಾನ್ಯವಾಗಿ ಕೇಳಿಬರುವುದು. ಅದರಲ್ಲಿ ಬಹುಮಟ್ಟಿನ ಸತ್ಯವಿದೆ. ವರ್ಷಕ್ಕೆ ಇಷ್ಟೇ ಗಾಡಿಗಳನ್ನು ತಯಾರಿಸಬೇಕೆಂಬ ಮಿತಿಯನ್ನು ಲೈಸೆನ್ಸು ವಿಧಿಸುತ್ತಿದ್ದಿತು. ೧೯೬೯ರಲ್ಲಿ ಸರ್ಕಾರವು ಕಾರುಗಳ ಬೆಲೆಯನ್ನು ಶಾಸನದ ಮೂಲಕವೇ ಗೊತ್ತುಪಡಿಸಿತು. ಆ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಪರದೇಶದ ಯಂತ್ರಸಾಮಗ್ರಿಯನ್ನು ತರಿಸಲು ವಿದೇಶೀ ವಿನಿಮಯದ ಅಭಾವವಿದ್ದಿತು. ಕಾರು ಎಂಬುದು ಭೋಗದ ವಸ್ತು, ಬಡದೇಶವು ಲಾರಿ ಟ್ರ್ಯಾಕ್ಟರುಗಳಿಗೆ ಮೊದಲು ಗಮನ ಕೊಡಬೇಕು ಎಂಬ ಅಭಿಪ್ರಾಯವು ಯೋಜನಾಕರ್ತರಲ್ಲಿ ಪ್ರಬಲವಾಗಿದ್ದಿತು. ಆ ಕಾಲದ ಸ್ಥಿತಿಯನ್ನು ನೋಡಿದರೆ ಈ ಅಭಿಪ್ರಾಯವು ತೀರ ಅನುಚಿತವೆಂದು ಹೇಳಲಾಗದು.

ಆದರೆ ಇದೊಂದೇ ಉತ್ತರವು ಸಾಲದು. ಗಾಡಿಯ ಬೇಡಿಕೆಯು ಪೂರೈಕೆಯನ್ನು ಮೀರಿದ್ದಿತು. ಹಣವನ್ನು ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುವ ಗಿರಾಕಿಗಳಿದ್ದರು. ತಯಾರಿಸಿದುದೆಲ್ಲವೂ ಮಾರಾಟವಾಗುವ ಕಾಲದಲ್ಲಿ ಹೊಸದನ್ನು ಕಲ್ಪಿಸುವ ಅವಶ್ಯಕತೆಯು ಯಾರಿಗೂ ತೋರದು. ರಕ್ಷಣೆಯು ಎಳೆಯ ಸಸಿಗೆ ಬೇಲಿಯಾಗಿ ಏರ್ಪಟ್ಟಿತು. ಬೇಲಿಯನ್ನು ಎಂದು ತೆಗೆಯಬೇಕೆಂಬ ಅವಧಿಯನ್ನು ಸರ್ಕಾರವು ವಿಧಿಸಲಿಲ್ಲ. ಬೇಲಿಯೊಳಗೆ ಹೊಸ ಬೀಜವನ್ನು ಬಿತ್ತುವ ಕಷ್ಟವನ್ನು ಉದ್ಯಮಿಯೂ ವಹಿಸಲಿಲ್ಲ. ದೋಷವು ಉಭಯತ್ರವೂ ಇದೆ.

ಇದಕ್ಕೆ ಪ್ರಬಲವಾದ ಸಾಕ್ಷ್ಯವು ೧೯೮೦ರ ದಶಕದಲ್ಲಿ ದೊರೆಯುತ್ತದೆ. ಆಗ ನಿಯಂತ್ರಣಗಳು ಸ್ವಲ್ಪ ಸಡಿಲವಾಗಿ, ಹಳೆಯ ಮೂರು ಸಂಸ್ಥೆಗಳಿಗೂ ಹೊಸ ಮಾದರಿಯನ್ನು ಹೊರತರುವ ಅವಕಾಶ ಬಂದಿತು. ಹಿಂದೂಸ್ಥಾನ್ ಸಂಸ್ಥೆಯು ೧೯೮೪ರಲ್ಲಿ ‘ಕಂಟೆಸ್ಸಾ’ ಎಂಬ ಕಾರನ್ನು ತಂದಿತು. ಅದು ಇಂಗ್ಲೆಂಡಿನಲ್ಲಿ ೧೯೭೦ರ ದಶಕದಲ್ಲಿಯೇ ನಿಂತುಹೋಗಿದ್ದ ವಾಕ್ಸ್‌ಹಾಲ್ ವಿಕ್ಟರಿನ ರೂಪಾಂತರ. ಪ್ರೀಮಿಯರ್ ಸಂಸ್ಥೆಯು ೧೯೮೫ರಲ್ಲಿ ತಂದ ಕಾರಿನ ಗೂಡು ೧೯೬೦ರ ದಶಕದ ಫಿಯೆಟ್ ೧೨೪ರ ವಂಶದ್ದು. ಸ್ಟ್ಯಾಂಡರ್ಡ್ ಸಂಸ್ಥೆಯು ಅದೇ ವರ್ಷ ತಂದುದು ಇಂಗ್ಲೆಂಡಿನ ರೋವರ್ ಗಾಡಿ. ಮೂವತ್ತು ವರ್ಷಗಳ ನಿರ್ಮಾಣಾನುಭವವಿದ್ದ ಮೂರು ಸಂಸ್ಥೆಗಳಲ್ಲಿ ಒಂದಾದರೂ ಸ್ವಂತ ಕಲ್ಪನೆಯಿಂದ ಕಾರನ್ನು ರಚಿಸಲಿಲ್ಲ. ಕಟ್ಟುವ ವಿದ್ಯೆಯು ಕೈಗೆ ಬಂದಿದ್ದಿತು; ಕಲ್ಪಿಸುವ ವಿದ್ಯೆಯು ಬಂದಿರಲಿಲ್ಲ. ಮೊದಲನೆಯದನ್ನು ಅಭ್ಯಾಸಮಾಡಿದವರಿಗೆ ಎರಡನೆಯದು ತಾನಾಗಿಯೇ ಲಭಿಸುವುದೆಂಬ ನಂಬಿಕೆಯು ಇಲ್ಲಿ ಸುಳ್ಳಾಯಿತು.

೭. ಅವಸಾನ

೧೯೮೧ರಲ್ಲಿ ಸರ್ಕಾರವೇ ಸ್ಥಾಪಿಸಿದ ಮಾರುತಿ ಉದ್ಯೋಗ್ ಸಂಸ್ಥೆಯು ಜಪಾನಿನ ಸುಜುಕಿ ಸಂಸ್ಥೆಯೊಡನೆ ಕೂಡಿ ೧೯೮೩ರ ಡಿಸೆಂಬರಿನಲ್ಲಿ ತನ್ನ ಚಿಕ್ಕ ಕಾರನ್ನು ಹೊರತಂದಿತು. ಅದು ಹಗುರ, ಅಗ್ಗ, ಇಂಧನದಲ್ಲಿ ಮಿತವ್ಯಯಿ. ಅಂಬಾಸಿಡರು ಒಡನೆಯೇ ಕುಸಿಯಲಿಲ್ಲ. ೧೯೮೦ರ ದಶಕದ ಮಧ್ಯದಲ್ಲಿ ಅದರ ವಾರ್ಷಿಕ ಮಾರಾಟವು ೨೪,೦೦೦ದ ಹತ್ತಿರವಿದ್ದಿತು. ಆದರೆ ಸ್ವಂತಕ್ಕೆ ಕಾರು ಕೊಳ್ಳುವವರು ಕ್ರಮಕ್ರಮವಾಗಿ ದೂರವಾದರು. ಸರ್ಕಾರದ ಕಚೇರಿಗಳೂ ಟ್ಯಾಕ್ಸಿಯವರೂ ಮಾತ್ರ ಅದಕ್ಕೆ ಆಶ್ರಯವಾಗಿ ಉಳಿದರು. ೧೯೯೧ರ ಆರ್ಥಿಕ ಸುಧಾರಣೆಗಳ ಬಳಿಕ ಲೋಕದ ನಾನಾ ದೇಶಗಳ ಕಾರ್ಖಾನೆಗಳು ಭಾರತಕ್ಕೆ ಬಂದಮೇಲೆ ಆ ಆಶ್ರಯವೂ ತೆಳುವಾಯಿತು.

೧೯೯೦ರ ದಶಕದ ಆದಿಯಲ್ಲಿ ಕೆಲವು ಅಂಬಾಸಿಡರುಗಳು ಇಂಗ್ಲೆಂಡಿಗೆ ರವಾನೆಯಾಗಿ, ಹಳೆಯ ಕಾರುಗಳ ಅಭಿಮಾನಿಗಳಿಗೆ ಮಾರಲ್ಪಟ್ಟವು. ತಾಯ್ನೆಲಕ್ಕೆ ಹಿಂದಿರುಗಿದ ಅವನ್ನು ಅಲ್ಲಿಯ ಜನರು ಮಾರಿಸ್ ಎಂದಲ್ಲ, ಭಾರತದ ಗಾಡಿ ಎಂದೇ ಬರಮಾಡಿಕೊಂಡರು. ತತ್ಸಮವಾಗಿ ಹೊರಟುಬಂದುದು ತದ್ಭವವಾಗಿ ಮರಳಿತೆಂಬುದಕ್ಕೆ ಪರದೇಶದವರೇ ಸಾಕ್ಷಿಗಳಾದರು.

೨೦೧೩-೧೪ರ ವರ್ಷದಲ್ಲಿ ಮಾರಾಟವಾದ ಅಂಬಾಸಿಡರುಗಳು ಸುಮಾರು ೨,೨೦೦. ೨೦೧೪ರ ಮೇ ೨೪ರಂದು ಸಂಸ್ಥೆಯು ಉತ್ತರಪಾರಾದ ಕೆಲಸವನ್ನು ಸ್ಥಗಿತಗೊಳಿಸಿತು. ಎರಡು ಸಾವಿರಕ್ಕೂ ಮಿಕ್ಕಿದ ಕೆಲಸಗಾರರು ಜೀವನೋಪಾಯವಿಲ್ಲದೆ ನಿಂತರು. ಹದವರಿತು ಎರಕ ಹೊಯ್ಯುವ, ಅಚ್ಚನ್ನು ತಿದ್ದುವ ಅವರ ಕೈಗಳ ಚಾತುರ್ಯಕ್ಕೆ ದಾಟಿಹೋಗಲು ಮತ್ತೊಂದು ಗಾಡಿಯನ್ನು ಆ ಕಾರ್ಖಾನೆಯು ಸಿದ್ಧಪಡಿಸಿರಲಿಲ್ಲ. ಈ ಚರಿತ್ರೆಯಲ್ಲಿ ನಿಜವಾದ ನಷ್ಟವು ಇದು. ೨೦೧೭ರಲ್ಲಿ ‘ಅಂಬಾಸಿಡರ್’ ಎಂಬ ನಾಮವು ೮೦ ಕೋಟಿ ರೂಪಾಯಿಗಳಿಗೆ ಫ್ರಾನ್ಸಿನ ಪೆಜೊ ಸಂಸ್ಥೆಗೆ ಮಾರಾಟವಾಯ್ತು. ಗಾಡಿಯ ಆಕಾರವು ಪರದೇಶದ್ದು, ಹೆಸರು ಮಾತ್ರ ಇಲ್ಲಿ ಇಟ್ಟುದು. ಆ ಹೆಸರೂ ಕೊನೆಗೆ ಪರದೇಶಕ್ಕೆ ಹೋಯಿತು.

೮. ಉಪಸಂಹಾರ

ಮೇಲಣ ವಿಚಾರದಿಂದ ನಿಷ್ಪನ್ನವಾಗುವುದಿಷ್ಟು. ದೇಶೀಯತ್ವವು ಮೂರು ಬಗೆ: ನಿರ್ಮಾಣದ ದೇಶೀಯತ್ವ, ಪ್ರಯೋಗದ ದೇಶೀಯತ್ವ, ಕಲ್ಪನೆಯ ದೇಶೀಯತ್ವ. ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಘಟಕ್ಕೆ ಮೃತ್ತಿಕೆಯು ಉಪಾದಾನಕಾರಣ, ಕುಲಾಲನು ನಿಮಿತ್ತಕಾರಣ. ಆದರೆ ಕುಲಾಲನ ಮನಸ್ಸಿನಲ್ಲಿ ಘಟದ ಜ್ಞಾನವು ಮೊದಲೇ ಇರಬೇಕು. ಅಂಬಾಸಿಡರಿನ ವಿಷಯದಲ್ಲಿ ಮಣ್ಣು ಇಲ್ಲಿಯದು, ಚಕ್ರ ತಿರುಗಿಸಿದ ಕೈಯೂ ಇಲ್ಲಿಯದು, ನೀರು ಕುಡಿದವರೂ ಇಲ್ಲಿಯವರೇ; ಘಟದ ಜ್ಞಾನವು ಮಾತ್ರ ಬೇರೆಡೆಯದು. ಆದುದರಿಂದ ಪರದೇಶದ ಪ್ರತಿಕೃತಿಯೆಂಬ ಪಕ್ಷವೂ ಸಂಪೂರ್ಣ ಸ್ವದೇಶಿಯೆಂಬ ಪಕ್ಷವೂ ಸಮನಾಗಿ ಅಸಮಗ್ರವಾದವು. ಅಂಬಾಸಿಡರು ಯಥಾರ್ಥವಾದ ತದ್ಭವ, ದೇಶ್ಯವಲ್ಲ.

ತದ್ಭವವೆಂದರೆ ನ್ಯೂನವಾದುದೆಂದು ಭಾವಿಸಬೇಕಾಗಿಲ್ಲ. ೧೯೯೮ರಲ್ಲಿ ಟಾಟಾ ಸಂಸ್ಥೆಯು ಭಾರತದಲ್ಲಿಯೇ ಕಲ್ಪಿಸಿ ಹೊರತಂದ ‘ಇಂಡಿಕಾ’ ಕಾರಿನ ಆಕಾರಕ್ಕೂ ಇಟಲಿಯ ಶಿಲ್ಪಿಗಳ ನೆರವಿದ್ದಿತು. ಶುದ್ಧದೇಶ್ಯವೆಂಬುದು ಭಾಷೆಯಲ್ಲಿ ಇರುವಷ್ಟು ಯಂತ್ರಗಳಲ್ಲಿ ಇಲ್ಲ. ಎರವಲು ಪಡೆದುದು ದೋಷವಲ್ಲ. ಪಡೆದುದರಿಂದ ಹೊಸದನ್ನು ಹುಟ್ಟಿಸದಿರುವುದು ದೋಷ. ಕನ್ನಡವು ಸಂಸ್ಕೃತದಿಂದಲೂ ಪ್ರಾಕೃತದಿಂದಲೂ ಅನಂತರ ಪಾರಸಿ ಇಂಗ್ಲಿಷುಗಳಿಂದಲೂ ಶಬ್ದಗಳನ್ನು ಪಡೆದು, ಅವುಗಳಿಗೆ ತನ್ನ ಪ್ರತ್ಯಯಗಳನ್ನು ಹಚ್ಚಿ, ತನ್ನ ಸಮಾಸಗಳಲ್ಲಿ ಸೇರಿಸಿ ಬೆಳೆಯಿತು. ವ್ಯಂಜನಾಂತವಾಗಿ ಬಂದ ‘ಕಾರ್’ ಎಂಬ ಶಬ್ದವೇ ಇಲ್ಲಿ ಉಕಾರವನ್ನು ಪಡೆದು ‘ಕಾರು’ ಆಗಿ, ‘ಕಾರನ್ನು’, ‘ಕಾರಿನಲ್ಲಿ’ ಎಂದು ವಿಭಕ್ತಿಗಳನ್ನು ತಾಳಿ ನಡೆಯುತ್ತಿದೆ. ಶಬ್ದಕ್ಕೆ ಭಾಷೆಯು ಮಾಡಿದ ಈ ಉಪಕಾರವನ್ನು ವಸ್ತುವಿಗೆ ಉದ್ಯಮವು ಅರ್ಧದಷ್ಟು ಮಾತ್ರವೇ ಮಾಡಿತು. ಎರವಲನ್ನು ತನ್ನದಾಗಿ ಮಾಡಿಕೊಳ್ಳುವ ಮೊದಲ ಹೆಜ್ಜೆಯನ್ನು ಉತ್ತರಪಾರಾದ ಕೆಲಸಗಾರರೂ ಊರೂರಿನ ಮೇಸ್ತ್ರಿಗಳೂ ಚೆನ್ನಾಗಿಯೇ ಇಟ್ಟರು. ಎರಡನೆಯ ಹೆಜ್ಜೆಯನ್ನು ಇಡಬೇಕಾಗಿದ್ದವರು ಇಡಲಿಲ್ಲ. ಸ್ವದೇಶೀ ಎಂಬ ಶಬ್ದವನ್ನು ಮುಂದೆ ಯಾವ ಉದ್ಯಮದ ವಿಷಯದಲ್ಲಿ ಬಳಸುವುದಾದರೂ, ಅದು ಈ ಮೂರರಲ್ಲಿ ಯಾವ ದೇಶೀಯತ್ವವನ್ನು ಹೇಳುತ್ತದೆಂಬುದನ್ನು ಮೊದಲು ನಿರ್ಧರಿಸಿಕೊಳ್ಳುವುದು ಅವಶ್ಯಕ.